ಸೂರಿಗೆ ತೂಗುವ ರೈಲು: ಎತ್ತುವ ಲೆಕ್ಕ, ಹೊರುವ ಲೆಕ್ಕ

ಅಮೆರಿಕದಲ್ಲಿ ಮಾದರಿ ರೈಲು ಕಟ್ಟುವ ಹವ್ಯಾಸಕ್ಕೆ ಬಿದ್ದವರನ್ನು ದುಡ್ಡಿಗಿಂತ ಹೆಚ್ಚಾಗಿ ಕಾಡುವುದು ಜಾಗ. ಅಲ್ಲಿ ಹೆಚ್ಚು ಬಳಕೆಯಲ್ಲಿರುವ ಅಳತೆಗೆ ಎಚ್‌ಒ ಎಂದು ಹೆಸರು: ನಿಜವಾದ ರೈಲಿನ 87ರಲ್ಲಿ ಒಂದು ಪಾಲು, ಹಳಿಯಿಂದ ಹಳಿಗೆ 16.5 ಮಿಲಿಮೀಟರ್. 85 ಅಡಿ ಉದ್ದದ ಪ್ರಯಾಣಿಕರ ಬೋಗಿ ಈ ಅಳತೆಯಲ್ಲಿ ಸುಮಾರು 30 ಸೆಂಟಿಮೀಟರಿಗೆ ಇಳಿಯುತ್ತದೆ. ಆದರೆ ಒಂದು ಕಿಲೋಮೀಟರ್ ದಾರಿ ತೋರಿಸಬೇಕೆಂದರೆ ಆಗಲೂ 11.5 ಮೀಟರ್ ಹಳಿ ಬೇಕು. ಅಷ್ಟು ಉದ್ದದ ಕೋಣೆ ಯಾರ ಮನೆಯಲ್ಲಿದೆ? ಹಾಗಾಗಿ ಹಳಿಯನ್ನು ಸುತ್ತಿಸಲೇಬೇಕು. ಹೊಸಬರಿಗೆಂದು ಮಾರುವ ಪೆಟ್ಟಿಗೆಗಳಲ್ಲಿ ಬರುವ ತಿರುವಿನ ತ್ರಿಜ್ಯ ಸಾಮಾನ್ಯವಾಗಿ 18 ಇಂಚು. ಇದನ್ನು ನಿಜವಾದ ರೈಲಿನ ಅಳತೆಗೆ ಹಿಗ್ಗಿಸಿದರೆ 40 ಮೀಟರ್. ಯಾವ ಮುಖ್ಯ ಮಾರ್ಗದ ಎಂಜಿನಿಯರೂ ಒಪ್ಪದಷ್ಟು ಬಿಗಿ ತಿರುವು ಅದು. ಅಷ್ಟು ಬಿಗಿದರೂ ಎರಡು ಕಡೆ ಅಂಚು ಬಿಟ್ಟು ನೋಡಿದರೆ ನಾಲ್ಕಡಿ ಅಗಲ ಬೇಕಾಗುತ್ತದೆ. ನಮ್ಮಲ್ಲಿಯಂತೆ ಅಲ್ಲಿಯೂ ಪ್ಲೈವುಡ್ ಸಿಗುವುದು ಎಂಟಡಿ ನಾಲ್ಕಡಿಯ ಹಾಳೆಯಾಗಿ. ಹಾಳೆಯ ಅಳತೆ, ತಿರುವಿನ ಅಳತೆ ಎರಡೂ ಹೀಗೆ ಕೂಡಿಬಂದು, ಎಂಟಕ್ಕೆ ನಾಲ್ಕಡಿಯ ಮೇಜು ಆ ದೇಶದ ಮಾದರಿ ರೈಲಿಗೆ ರೂಢಿಯ ಅಳತೆಯಾಯಿತು. ಅದರ ಸುತ್ತ ಮನುಷ್ಯರು ಓಡಾಡಲು ಎರಡೆರಡು ಅಡಿ ಬಿಟ್ಟರೆ 12 ಅಡಿಗೆ 8 ಅಡಿಯ ಕೋಣೆ ಪೂರ್ತಿ ಮುಗಿಯಿತು.

ಗಾಯಕ ರಾಡ್ ಸ್ಟುವರ್ಟ್‌ನಂಥವರಿಗೆ ಇದು ತೊಂದರೆಯಲ್ಲ. ಲಾಸ್ ಏಂಜಲಿಸ್‌ನ ಮನೆಯ ಮೇಲಂತಸ್ತಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ವರ್ಷ ಕೂತು ಆತ ಒಂದು ಇಡೀ ನಗರವನ್ನೇ ಕಟ್ಟಿದ್ದಾನೆ. ಉಳಿದವರು ಮನೆಯಲ್ಲಿ ಮಿಕ್ಕ ಜಾಗ ಹುಡುಕಬೇಕು. ಈ ಹವ್ಯಾಸದ ಎರಡು ಹಳೆಯ ಆಧಾರಗಳು, ಅಂದರೆ 1934ರಲ್ಲಿ ಶುರುವಾದ ‘ಮಾಡೆಲ್ ರೈಲ್‌ರೋಡರ್’ ಮಾಸಿಕ ಮತ್ತು 1935ರ ರಾಷ್ಟ್ರೀಯ ಮಾದರಿ ರೈಲು ಸಂಘ, ಎರಡೂ ಮಿಲ್ವಾಕೀ ಊರಿನಲ್ಲಿ ಹುಟ್ಟಿದವು. ಅದು ಚಳಿಯ ಸೀಮೆ. ಅಲ್ಲಿ ಪಾಯವನ್ನು ಆಳಕ್ಕೆ ಇಳಿಸುವುದರಿಂದ ಮನೆಗಳಿಗೆ ನೆಲಮಾಳಿಗೆ ತಾನಾಗಿಯೇ ಒದಗುತ್ತದೆ. ಕ್ಯಾಲಿಫೋರ್ನಿಯಾ, ಟೆಕ್ಸಸ್ ಕಡೆಯ ಬಹುಪಾಲು ಮನೆಗಳು ನೆಲಕ್ಕೆ ಹಾಸಿದ ಕಾಂಕ್ರೀಟಿನ ಮೇಲೆ ನಿಂತಿವೆ, ನೆಲಮಾಳಿಗೆಯೇ ಇಲ್ಲ. ಅಲ್ಲಿ ಉಳಿಯುವುದು ಗ್ಯಾರೇಜು, ಮತ್ತು ಗ್ಯಾರೇಜಿನ ಮೇಲೆ ಕಾರಿನ ಹಕ್ಕೂ ಇದೆ. ಆದರೆ ಕಾರಿನ ಮುಂಭಾಗದ ಎತ್ತರ ಸುಮಾರು ಒಂದು ಮೀಟರ್, ಚಾವಣಿ ಇರುವುದು ಎಂಟು ಒಂಬತ್ತು ಅಡಿಯಲ್ಲಿ. ಬಾನೆಟ್ಟಿನ ಮೇಲಿನ ಆ ಗಾಳಿ ಯಾರಿಗೂ ಬೇಕಾಗಿಲ್ಲ. ರೈಲು ಓಡಿಸುವಾಗ ಮೇಜನ್ನು ಇಳಿಸಿಕೊಂಡು, ಆಟ ಮುಗಿದಾಗ ಹಗ್ಗ ರಾಟೆಗಳಿಂದ ಚಾವಣಿಗೆ ಏರಿಸಿಬಿಟ್ಟರೆ ಕಾರೂ ನಿಂತೀತು, ರೈಲೂ ಉಳಿದೀತು. ಚಾವಣಿ ಎತ್ತುಗವೆಂಬ ಈ ಉಪಾಯ ಹುಟ್ಟಿದ್ದು ಹೀಗೆ. ಬ್ರಿಟನ್ನಿನ ಹಳೆಯ ಅಡುಗೆಮನೆಗಳಲ್ಲಿ ಒದ್ದೆ ಬಟ್ಟೆ ಹರವಿ ರಾಟೆಯಿಂದ ಚಾವಣಿಗೆ ಏರಿಸುವ ಮರದ ಚೌಕಟ್ಟುಗಳಿದ್ದವು. ಯೋಚನೆ ಅದೇ, ಏರುವ ವಸ್ತು ಮಾತ್ರ ಬೇರೆ.

ಇಂಥ ಎತ್ತುಗ ಕಟ್ಟಲು ಹೊರಟವರ ತಲೆಯಲ್ಲಿ ಮೊದಲು ಬರುವ ಪ್ರಶ್ನೆ ‘ಎತ್ತುವುದು ಹೇಗೆ’ ಎಂದು. ಮೋಟಾರು ಎಷ್ಟು ಶಕ್ತಿಯದಿರಬೇಕು, ರಾಟೆ ಎಷ್ಟು, ಗುಂಡಿ ಒತ್ತಿದರೆ ಏರಬೇಕೋ ಕೈಯಿಂದ ತಿರುಗಿಸಬೇಕೋ ಎಂದು ದಿನಗಟ್ಟಲೆ ಚರ್ಚೆ ನಡೆಯುತ್ತದೆ. ನನ್ನ ವಾದ ಇಷ್ಟೇ: ಎತ್ತುವುದು ಈ ಕೆಲಸದ ಅತಿ ಸುಲಭದ ಭಾಗ. ಮೇಜು ಏರಲು ತಗಲುವುದು ಒಂದೆರಡು ನಿಮಿಷ. ಏರಿದ ಮೇಲೆ ಅದು ಅಲ್ಲಿ ದಿನಗಟ್ಟಲೆ, ವಾರಗಟ್ಟಲೆ ತೂಗುತ್ತಿರುತ್ತದೆ, ಕೆಳಗೆ ಕಾರು ನಿಂತಿರುತ್ತದೆ, ಮಕ್ಕಳು ಸೈಕಲ್ ತೆಗೆಯಲು ಬರುತ್ತಾರೆ. ಹಾಲು ಮೊಸರಿನ ಗಡಿಗೆಯನ್ನು ನೆಲುವಿನಲ್ಲಿ ತೂಗಿಡುತ್ತಿದ್ದ ಮನೆಗಳಲ್ಲಿ ಗಡಿಗೆ ಏರಿಸುವ ಕೈ ಎಷ್ಟು ಗಟ್ಟಿ ಎಂದು ಯಾರೂ ಕೇಳುತ್ತಿರಲಿಲ್ಲ, ಜಂತಿಯ ಕೊಕ್ಕೆ ಗಟ್ಟಿಯಿದೆಯೇ ಎಂದು ನೋಡುತ್ತಿದ್ದರು. ಎತ್ತುವ ವ್ಯವಸ್ಥೆ ಬೇರೆ, ಹೊರುವ ವ್ಯವಸ್ಥೆ ಬೇರೆ. ಎರಡನ್ನೂ ಒಂದೇ ಹಗ್ಗಕ್ಕೆ ಒಪ್ಪಿಸಬಾರದು, ಮತ್ತು ತಲೆ ಕೆಡಿಸಿಕೊಳ್ಳಬೇಕಾದದ್ದು ಎರಡನೆಯದರ ಬಗ್ಗೆ.

ಇದು ಬರೀ ಎಚ್ಚರಿಕೆಯ ಮಾತಲ್ಲ. ವಸ್ತುಗಳ ಸ್ವಭಾವವೇ ಹಾಗಿದೆ. ಅಮೆರಿಕದ ಮರದ ಕಟ್ಟಡಗಳ ಲೆಕ್ಕದಲ್ಲಿ ಒಂದೇ ತೊಲೆಗೆ ಭಾರ ಎಷ್ಟು ಹೊತ್ತು ಇರುತ್ತದೆ ಎಂಬುದರ ಮೇಲೆ ಬೇರೆ ಬೇರೆ ಮಿತಿ. ಹತ್ತು ವರ್ಷದ ಭಾರವನ್ನು 1 ಎಂದು ಹಿಡಿದರೆ, ಕೆಲವೇ ನಿಮಿಷ ಬೀಸಿ ಹೋಗುವ ಗಾಳಿಗೆ ಅದೇ ತೊಲೆ 1.6 ಪಟ್ಟು ತಾಳಬಹುದೆಂದು ಒಪ್ಪುತ್ತಾರೆ. ಶಾಶ್ವತ ಭಾರಕ್ಕಾದರೆ 0.9ಕ್ಕೆ ಇಳಿಸುತ್ತಾರೆ. ಮರ ನಿಧಾನಕ್ಕೆ ಬಾಗುತ್ತದೆ, ಬಾಗಿದ್ದು ಪೂರ್ತಿ ಮರಳುವುದಿಲ್ಲ. ಅಂಟುಗಳದ್ದು ಇನ್ನೂ ಕೆಟ್ಟ ಕಥೆ. 2006ರ ಜುಲೈ 10ರ ರಾತ್ರಿ ಬಾಸ್ಟನ್ ನಗರದ ಹೆದ್ದಾರಿ ಸುರಂಗವೊಂದರಲ್ಲಿ ಚಾವಣಿಗೆ ತೂಗಿಸಿದ್ದ ಕಾಂಕ್ರೀಟ್ ಹಲಗೆಗಳು ಕೆಳಗೆ ಹೋಗುತ್ತಿದ್ದ ಕಾರಿನ ಮೇಲೆ ಬಿದ್ದು ಒಬ್ಬ ಮಹಿಳೆ ಸತ್ತರು. ಆ ಹಲಗೆಗಳನ್ನು ಹಿಡಿದಿದ್ದ ಬೋಲ್ಟ್‌ಗಳನ್ನು ಎಪಾಕ್ಸಿ ಅಂಟಿನಿಂದ ಕಾಂಕ್ರೀಟಿನಲ್ಲಿ ಕೂರಿಸಲಾಗಿತ್ತು. ಅಳವಡಿಸಿದಾಗ ಎಳೆದು ನೋಡಿದ್ದರು, ತಾಳಿದ್ದವು. ಆದರೆ ಬಳಸಿದ ಅಂಟು ಬಹುಕಾಲದ ಎಳೆತ ತಾಳುವ ಜಾತಿಯದಾಗಿರಲಿಲ್ಲ, ವರ್ಷಗಳ ಎಳೆತಕ್ಕೆ ಕೂದಲೆಳೆಯಷ್ಟೇ ಜಾರುತ್ತಾ ಬೋಲ್ಟ್ ಹೊರಬಂದಿತ್ತು ಎಂದು ಅಲ್ಲಿನ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ 2007ರಲ್ಲಿ ಹೇಳಿತು. ಸುರಂಗಕ್ಕೂ ಗ್ಯಾರೇಜಿಗೂ ಎತ್ತಣಿಂದೆತ್ತ ಸಂಬಂಧ ಎನ್ನಬಹುದು. ಭಾರದ ಪ್ರಮಾಣ ಬೇರೆ, ಒಪ್ಪೋಣ. ಕಾಲವೆಂಬುದು ಎರಡು ಕಡೆಯೂ ಒಂದೇ ರೀತಿ ಕೆಲಸ ಮಾಡುತ್ತದೆ.

ಈಗ ಭಾರವನ್ನೇ ನೋಡೋಣ. ಅರ್ಧ ಇಂಚಿನ ಪ್ಲೈವುಡ್ ಹಾಳೆ ಒಂದಕ್ಕೆ ಸುಮಾರು 20 ಕೆ.ಜಿ. ಅದರ ಕೆಳಗಿನ ಪೈನ್ ಮರದ ಚೌಕಟ್ಟು ಎಂಟು ಹತ್ತು ಕೆ.ಜಿ. ಹಳಿ, ಸ್ವಿಚ್ಚು, ತಂತಿ, ಮನೆಗಳು ಹಗುರ. ಬೆಟ್ಟಗುಡ್ಡಗಳನ್ನು ಪ್ಲಾಸ್ಟರಿನಲ್ಲಿ ಮಾಡಿದ್ದರೆ ಮಾತ್ರ ತೂಕ ಸದ್ದಿಲ್ಲದೆ ಏರಿರುತ್ತದೆ. ಒಟ್ಟು 50 ಕೆ.ಜಿ. ಆಸುಪಾಸು. ಮೇಜನ್ನು ಹಿಡಿದೆತ್ತುವ ಅಡ್ಡಪಟ್ಟಿ, ಕೊಕ್ಕೆ, ಹಗ್ಗ ಸೇರಿಸಿ 70 ಎಂದಿಟ್ಟುಕೊಳ್ಳೋಣ. ಒಬ್ಬ ಮನುಷ್ಯನ ತೂಕ. ‘ಇಷ್ಟೇನಾ’ ಅನ್ನಿಸುತ್ತದೆ, ಅಲ್ಲಿಂದಲೇ ಎಡವಟ್ಟು ಶುರುವಾಗುವುದು.

ನಾಲ್ಕು ಮೂಲೆಗೆ ನಾಲ್ಕು ಹಗ್ಗ, 70 ಕೆ.ಜಿ., ಆದ್ದರಿಂದ ಹಗ್ಗವೊಂದಕ್ಕೆ ಹದಿನೇಳೂವರೆ ಎಂಬುದು ಎಲ್ಲರೂ ಹಾಕುವ ಲೆಕ್ಕ. ಅದು ತಪ್ಪು. ಬಾಗದ ಗಟ್ಟಿ ಮೇಜೊಂದನ್ನು ನಾಲ್ಕು ಕಡೆಯಿಂದ ತೂಗಿದಾಗ ಭಾರ ಸಮನಾಗಿ ಹಂಚಿಹೋಗಬೇಕಾದರೆ ನಾಲ್ಕೂ ಹಗ್ಗಗಳ ಉದ್ದ ತೀರಾ ಕರಾರುವಾಕ್ಕಾಗಿರಬೇಕು. ಒಂದು ಹಗ್ಗ ಮೂರ್ನಾಲ್ಕು ಮಿಲಿಮೀಟರ್ ಗಿಡ್ಡವಾಯಿತೆನ್ನಿ: ಅದು, ಅದರ ಎದುರು ಮೂಲೆಯದು, ಈ ಎರಡೇ ಬಿಗಿಯುತ್ತವೆ, ಉಳಿದೆರಡು ಸಡಿಲವಾಗಿ ಜೋತುಬೀಳುತ್ತವೆ. ಕಾಲು ಗಿಡ್ಡವಾದ ಮೇಜು ನೆಲದ ಮೇಲೆ ಕರ್ಣದಲ್ಲಿ ಅಲ್ಲಾಡುವುದಕ್ಕೂ ಕಾರಣ ಇದೇ. ಆದ್ದರಿಂದ ಪ್ರತಿ ಹಗ್ಗ, ಪ್ರತಿ ಕೊಕ್ಕೆ, ಪ್ರತಿ ಸ್ಕ್ರೂವಿನ ಲೆಕ್ಕವನ್ನು ಒಟ್ಟು ಭಾರದ ಅರ್ಧಕ್ಕೆ, ಅಂದರೆ 35 ಕೆ.ಜಿ.ಗೆ ಹಾಕಬೇಕು. ಹಗ್ಗದ ಮಟ್ಟಿಗೆ ಇದು ಕಷ್ಟವೇನಲ್ಲ. ಮೂರು ಮಿಲಿಮೀಟರಿನಷ್ಟು ದಪ್ಪದ, ಅಮೆರಿಕದಲ್ಲಿ ವಿಮಾನದ ಹಗ್ಗವೆಂದು ಮಾರುವ ಹೆಣೆದ ಉಕ್ಕಿನ ತಂತಿ ಸುಮಾರು 900 ಕೆ.ಜಿ.ಗೆ ತುಂಡಾಗುತ್ತದೆ, ಐದರಲ್ಲೊಂದು ಪಾಲು ಮಾತ್ರ ಬಳಸಬೇಕೆಂಬ ರೂಢಿಯ ಪ್ರಕಾರ 180 ಕೆ.ಜಿ.ಯವರೆಗೆ ನೆಮ್ಮದಿಯಾಗಿ ಎತ್ತುತ್ತದೆ. ಹಗ್ಗ ತುಂಡಾಗಿ ಮೇಜು ಬಿದ್ದೀತೆಂದು ಹೆದರುವವರು ಹೆದರಬಾರದ ಕಡೆ ಹೆದರುತ್ತಿದ್ದಾರೆ.

ಹಗ್ಗಗಳನ್ನು ಸುತ್ತಿಕೊಳ್ಳುವ ಕಡೆ ಇನ್ನೊಂದು ಸೂಕ್ಷ್ಮವಿದೆ. ನಾಲ್ಕೂ ಹಗ್ಗಗಳನ್ನು ತಂದು ಒಂದೇ ಉರುಳೆಗೆ ಸುತ್ತಿದರೆ ಒಂದರ ಮೇಲೊಂದು ಪದರ ಏರುತ್ತದೆ. ಮೇಲಿನ ಪದರದ ಸುತ್ತು ದೊಡ್ಡದು, ಅದು ಹೆಚ್ಚು ಹಗ್ಗ ನುಂಗುತ್ತದೆ, ಆ ಮೂಲೆ ಬೇಗ ಏರುತ್ತದೆ. ಸ್ವಲ್ಪ ಹೊತ್ತಿನಲ್ಲಿ ಮೇಜು ವಾಲಿ, ಹಳಿಯ ಮೇಲೆ ಮರೆತುಬಿಟ್ಟ ಬೋಗಿ ಇದ್ದರೆ ಜಾರಲು ಶುರು. ನಾಟಕದ ರಂಗಮಂದಿರಗಳಲ್ಲಿ ಪರದೆ ಏರಿಸುವವರು ಇದಕ್ಕೆ ಹಿಂದೆಯೇ ಪರಿಹಾರ ಕಂಡುಕೊಂಡಿದ್ದಾರೆ: ಎಲ್ಲ ಹಗ್ಗಗಳನ್ನೂ ಒಂದು ಉಕ್ಕಿನ ತಗಡಿಗೆ ಕಟ್ಟಿ, ಆ ತಗಡನ್ನು ಒಂದೇ ಹಗ್ಗದಿಂದ ಎಳೆಯುವುದು. ತಗಡು ಒಂದಡಿ ಸರಿದರೆ ನಾಲ್ಕು ಮೂಲೆಗಳೂ ಒಂದೊಂದಡಿ ಏರುತ್ತವೆ, ಏರುಪೇರಿಗೆ ಎಡೆಯೇ ಇಲ್ಲ. ಮೂಲೆಗೊಂದು ಟರ್ನ್‌ಬಕಲ್ ಹಾಕಿದರೆ, ಅಂದರೆ ತಿರುಚಿ ಉದ್ದ ಹೊಂದಿಸುವ ಕೊಂಡಿ, ಮಟ್ಟಗೋಲು ಇಟ್ಟು ಮಿಲಿಮೀಟರ್ ಲೆಕ್ಕದಲ್ಲಿ ಸರಿಪಡಿಸಬಹುದು. ಬೆಲೆ ಕಡಿಮೆ, ಬುದ್ಧಿ ಹೆಚ್ಚು. ಈ ಇಡೀ ಯಂತ್ರದಲ್ಲಿ ನನಗೆ ಅತಿ ಸೊಗಸಾಗಿ ಕಾಣುವುದು ಆ ಒಂದು ತಗಡು. ಆದರೆ ಅದು ಕೇಳುವ ಬೆಲೆಯೂ ಒಂದಿದೆ. ತಗಡಿನಿಂದಾಚೆ ಇಡೀ 70 ಕೆ.ಜಿ. ಒಂದೇ ಹಗ್ಗದ ಮೇಲೆ ಬರುತ್ತದೆ. ಚಾವಣಿಯುದ್ದಕ್ಕೆ ಬಂದ ಆ ಹಗ್ಗ ಗೋಡೆಯ ವಿಂಚಿನ, ಅಂದರೆ ಹಗ್ಗ ಸುತ್ತಿಕೊಳ್ಳುವ ಯಂತ್ರದ, ಕಡೆಗೆ ತಿರುಗುವಲ್ಲಿರುವ ರಾಟೆಯ ಮೇಲೆ ಬೀಳುವ ಎಳೆತ 70 ಅಲ್ಲ, ಸುಮಾರು 100 ಕೆ.ಜಿ.; ತೊಂಬತ್ತು ಡಿಗ್ರಿ ತಿರುವಿದ್ದಲ್ಲೆಲ್ಲ ರಾಟೆಗೆ 1.4 ಪಟ್ಟು ಎಳೆತ. ಅದೂ ಓರೆಯಾಗಿ, ಜಂತಿಯನ್ನು ಪಕ್ಕಕ್ಕೆ ಮಗುಚುವ ದಿಕ್ಕಿನಲ್ಲಿ. ಕಣ್ಣಿನಾಕಾರದ ತಲೆಯ ಬೋಲ್ಟ್ ನೇರ ಎಳೆತಕ್ಕೆ ಮಾಡಿದ್ದು. 45 ಡಿಗ್ರಿ ಓರೆಯಲ್ಲಿ ಅದರ ಸಾಮರ್ಥ್ಯ ಮೂರರಲ್ಲೊಂದಕ್ಕಿಂತ ಕೆಳಗೆ ಇಳಿಯುತ್ತದೆ. ಅಂಥ ಕಡೆ ರಾಟೆಯನ್ನು ಅದರ ಜಾಗಕ್ಕೆಂದೇ ಮಾಡಿದ ಪಟ್ಟಿಯಲ್ಲಿ ಕೂರಿಸಿ, ಎರಡು ಜಂತಿಗಳ ನಡುವೆ ಮರದ ತುಂಡು ಬಡಿದು ಅವು ಮಗುಚದಂತೆ ಮಾಡಬೇಕು.

ಅಮೆರಿಕದ ಗ್ಯಾರೇಜಿನ ಚಾವಣಿ ಕೆಳಗಿನಿಂದ ನೋಡಿದರೆ ಒಂದೇ ಬಿಳಿ ಹಾಳೆ. ಅದು ಜಿಪ್ಸಂ ಹಲಗೆ, ಬೆಂಕಿ ತಡೆಯಲು ಹಾಕಿದ್ದು. ಕ್ಯಾಲೆಂಡರಿಗಿಂತ ಭಾರದ್ದನ್ನು ಅದಕ್ಕೆ ನೇತುಹಾಕಬಾರದು. ಅದರ ಮೇಲೆ 16 ಅಥವಾ 24 ಇಂಚಿಗೊಂದರಂತೆ ಒಂದೂವರೆ ಇಂಚು ಅಗಲದ ಜಂತಿಗಳಿರುತ್ತವೆ, ಇಲ್ಲವೇ ಮಾಡು ಹೊರುವ ತ್ರಿಕೋನ ಚೌಕಟ್ಟುಗಳಾದ ಟ್ರಸ್‌ಗಳ ಕೆಳತೊಲೆ ಇರುತ್ತದೆ. ಆ ಒಂದೂವರೆ ಇಂಚಿನ ನಟ್ಟನಡುವೆ ಸ್ಕ್ರೂ ಇಳಿದರೆ ಹಿಡಿತ ಚೆನ್ನಾಗಿದೆ: ಅಲ್ಲಿನ ಮನೆಗಳಿಗೆ ಬಳಸುವ ಮೆದು ಮರದಲ್ಲಿಯೂ ಒಂದು ಸೆಂಟಿಮೀಟರಿಗಿಂತ ತುಸು ಕಡಿಮೆ ದಪ್ಪದ, ಅಂದರೆ ಮೂರೆಂಟಾಂಶ ಇಂಚಿನ ದೊಡ್ಡ ಸ್ಕ್ರೂ ಪ್ರತಿ ಇಂಚು ಆಳಕ್ಕೆ ನೂರು ಕೆ.ಜಿ.ಗಿಂತ ಹೆಚ್ಚು ಎಳೆತ ತಾಳುತ್ತದೆಂದು ಲೆಕ್ಕ. ಅಂಚಿಗೆ ಇಳಿದು ಮರ ಸೀಳಿದರೆ ಆ ಲೆಕ್ಕವೆಲ್ಲ ಬರೀ ಕಾಗದದ ಮೇಲಿನದು. ಮೊದಲು ಸಣ್ಣ ತೂತು ಕೊರೆದು ಮರದ ಪುಡಿಯೇ ಬರುತ್ತಿದೆಯೇ, ಬಿಳಿ ಪುಡಿ ಬಂದು ಡ್ರಿಲ್ ತಟ್ಟನೆ ಒಳಕ್ಕೆ ಹೋಯಿತೇ ಎಂದು ನೋಡುವುದು ಅತ್ಯಂತ ಅಗ್ಗದ ವಿಮೆ. ಇನ್ನು ಟ್ರಸ್ ಇದ್ದರೆ ಪ್ರಶ್ನೆ ಸ್ಕ್ರೂವಿನದಲ್ಲ, ಟ್ರಸ್ಸಿನದೇ. ಅಟ್ಟದಲ್ಲಿ ಸಾಮಾನಿಡುವ ಉದ್ದೇಶವಿಲ್ಲದ ಕಡೆ ಅಲ್ಲಿನ ಗೃಹ ನಿರ್ಮಾಣ ಸಂಹಿತೆ ಚದರಡಿಗೆ 10 ಪೌಂಡ್, ಅಂದರೆ ಚದರ ಮೀಟರಿಗೆ 49 ಕೆ.ಜಿ. ಭಾರ ಮಾತ್ರ ಎಣಿಸುತ್ತದೆ. ನಮ್ಮ ಮೇಜಿನ 70 ಕೆ.ಜಿ.ಯನ್ನು ಅದರ ಮೂರು ಚದರ ಮೀಟರಿಗೆ ಹಂಚಿದರೆ ಸುಮಾರು 24 ಬರುತ್ತದೆ. ಅರ್ಧಕ್ಕಿಂತ ಕಡಿಮೆ, ಪರವಾಗಿಲ್ಲ ಎನ್ನಬಹುದು. ಆದರೆ ಭಾರ ಹಾಗೆ ಹರಡಿ ಬೀಳುವುದಿಲ್ಲ. ನಾಲ್ಕೇ ಬಿಂದುಗಳಲ್ಲಿ, ಎರಡೇ ಜಂತಿಗಳ ಮೇಲೆ ಬೀಳುತ್ತದೆ. ಆದ್ದರಿಂದ ಜಂತಿಗಳಿಗೆ ಅಡ್ಡಲಾಗಿ ಎರಡು ಗಟ್ಟಿ ತೊಲೆಗಳನ್ನು ನಾಲ್ಕೈದು ಜಂತಿಗಳಿಗೆ ತಾಗುವಂತೆ ಬಿಗಿದು, ರಾಟೆಗಳನ್ನು ಆ ತೊಲೆಗಳಿಗೆ ಕಟ್ಟಬೇಕು. ಮೇಜು ಇದಕ್ಕಿಂತ ದೊಡ್ಡದಾಗಿದ್ದರೆ ಎಂಜಿನಿಯರನ್ನು ಕೇಳದೆ ಮುಂದುವರಿಯಬಾರದು. ಟ್ರಸ್ಸಿನ ಕೆಳತೊಲೆ ಎರಡು ಗೋಡೆಗಳನ್ನು ಹಿಡಿದೆಳೆದುಕೊಂಡಿರುವ ಅಂಗ. ಅದರಲ್ಲಿ ಕಚ್ಚು ಹೊಡೆಯುವುದಂತೂ ಕೂಡದು.

ಇನ್ನು ಹೊರುವ ಮಾತು. 1854ರಲ್ಲಿ ನ್ಯೂಯಾರ್ಕಿನ ಕ್ರಿಸ್ಟಲ್ ಪ್ಯಾಲೆಸ್ ಪ್ರದರ್ಶನದಲ್ಲಿ ಎಲಿಷಾ ಓಟಿಸ್ ತಾನು ನಿಂತ ಎತ್ತುಗದ ಹಗ್ಗವನ್ನು ಜನರೆದುರು ಕತ್ತರಿಸಲು ಹೇಳಿದ. ವೇದಿಕೆ ತುಸು ಕುಸಿದು ನಿಂತಿತು. ಹಗ್ಗದ ಬಿಗಿ ಹೋದೊಡನೆ ಪಕ್ಕದ ಹಲ್ಲುಕಂಬಕ್ಕೆ ಕಚ್ಚಿಕೊಳ್ಳುವ ಸ್ಪ್ರಿಂಗಿನ ಹಿಡಿ ಅದರಲ್ಲಿತ್ತು. ಹಗ್ಗದಿಂದ ಎತ್ತುವ ಕೆಲಸ ಓಟಿಸನಿಗೂ ಬಹಳ ಹಿಂದಿನದು. ಆತ ಸೇರಿಸಿದ್ದು ಹಗ್ಗವಿಲ್ಲದಿದ್ದರೂ ಹಿಡಿದುಕೊಳ್ಳುವ ಎರಡನೆಯ ವ್ಯವಸ್ಥೆ, ಮತ್ತು ಅದಾದ ಮೇಲೆಯೇ ಜನ ಧೈರ್ಯವಾಗಿ ಲಿಫ್ಟ್ ಹತ್ತಿದ್ದು. ಗ್ಯಾರೇಜಿನ ರೈಲಿಗೆ ಅಷ್ಟು ಜಾಣ ಹಿಡಿ ಬೇಕಿಲ್ಲ. ಮೇಜು ಮೇಲೆ ಹೋದ ಮೇಲೆ ನಾಲ್ಕು ಹಗ್ಗಗಳ ಪಕ್ಕದಲ್ಲೂ ಒಂದೊಂದು ಸರಪಳಿ ಸಿಕ್ಕಿಸಿ, ಆ ಸರಪಳಿಗಳನ್ನು ರಾಟೆಯ ಬೋಲ್ಟ್‌ಗಳಿಂದ ಬೇರೆಯೇ ಆದ ಬೋಲ್ಟ್‌ಗಳಿಗೆ ಕಟ್ಟಿ, ಬಳಿಕ ವಿಂಚನ್ನು ಒಂದಿಷ್ಟು ಸಡಿಲಿಸಿ ಭಾರವನ್ನು ಪೂರ್ತಿ ಸರಪಳಿಯ ಮೇಲೆ ಕೂರಿಸಬೇಕು. ಆಗ ಹಗ್ಗ, ರಾಟೆ, ವಿಂಚು ಮೂರಕ್ಕೂ ವಿಶ್ರಾಂತಿ. ಸರಪಳಿಯಲ್ಲೂ ಜಾತಿಗಳಿವೆ: ಹಾರ್ಡ್‌ವೇರ್ ಅಂಗಡಿಯಲ್ಲಿ ಅಡಿ ಲೆಕ್ಕದಲ್ಲಿ ಸಿಗುವ 30ನೇ ದರ್ಜೆಯದು ಕಟ್ಟಿಡಲು ಮಾಡಿದ್ದು, ತಲೆಯ ಮೇಲೆ ಭಾರ ತೂಗಲೆಂದು ಗುರುತಿಸಿರುವುದು 80 ಮತ್ತು 100ನೇ ದರ್ಜೆಯವು. ನಾಲ್ಕು ತುಂಡಿಗೆ ಬೆಲೆಯ ವ್ಯತ್ಯಾಸ ದೊಡ್ಡದಲ್ಲ.

ವಿಂಚಿನ ಆಯ್ಕೆಯೂ ಇದೇ ತರ್ಕದ ಮೇಲೆ ನಿಲ್ಲಬೇಕು. ದೋಣಿ ಎಳೆಯುವ ಗಾಡಿಗಳಿಗೆ ಹಾಕುವ ಹಲ್ಲುಚಕ್ರದ ಕೈವಿಂಚು ಅಗ್ಗ. ಏರಿಸುವಾಗ ಟಕಟಕ ಎಂದು ಭದ್ರವಾಗಿಯೇ ಏರಿಸುತ್ತದೆ. ಇಳಿಸುವಾಗ ಮಾತ್ರ ಕೀಲನ್ನು ಬಿಡಿಸಬೇಕು, ಆಗ ಇಡೀ ಭಾರ ನಿಮ್ಮ ಮುಂಗೈಯಲ್ಲಿ. ಹಿಡಿ ಜಾರಿದರೆ ಅದು ಗಿರ್ರನೆ ತಿರುಗಿ ಮಣಿಕಟ್ಟು ಮುರಿಯಬಲ್ಲುದು. ಕೈ ಬಿಟ್ಟಲ್ಲಿ ತಾನೇ ನಿಲ್ಲುವ ಬ್ರೇಕಿನ ವಿಂಚು, ಅಥವಾ ಭಾರ ಎಷ್ಟೇ ಎಳೆದರೂ ಹಿಮ್ಮುಖ ತಿರುಗದಷ್ಟು ನಿಧಾನದ ತಿರುಪುಹಲ್ಲಿನ ವಿಂಚು ಈ ಕೆಲಸಕ್ಕೆ ಸರಿ. ವಿದ್ಯುತ್ ಹಾಯ್ಸ್ಟ್ ಹಾಕಬಾರದೆಂದೇನಿಲ್ಲ. ಆದರೆ ಅದರ ಜೊತೆ ಬರುವ ಪುಸ್ತಿಕೆ ಓದಿದವರು ಕಡಿಮೆ; ತೂಗುತ್ತಿರುವ ಭಾರವನ್ನು ಬಿಟ್ಟು ಹೋಗಬೇಡಿ ಎಂದು ಅದರಲ್ಲೇ ಬರೆದಿರುತ್ತದೆ. ಬಿಟ್ಟು ಹೋಗಲಿಕ್ಕೆಂದೇ ನಾವು ಅದನ್ನು ಕೊಳ್ಳುತ್ತಿರುವುದು! ಸರಪಳಿ ಬೇಕೆಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಇಲ್ಲ.

ಗ್ಯಾರೇಜಿನ ಬಾಗಿಲೆತ್ತುವ ಮೋಟಾರೊಂದು ಹೇಗೂ ಚಾವಣಿಯಲ್ಲಿದೆಯಲ್ಲ, ಅಂಥದ್ದನ್ನೇ ಬಳಸಿದರಾಗದೇ ಎಂದು ಕೇಳುವವರಿದ್ದಾರೆ. ಆ ಮೋಟಾರು ಬಾಗಿಲಿನ ಭಾರವನ್ನು ಎತ್ತುತ್ತಲೇ ಇಲ್ಲ; ಬಾಗಿಲನ್ನು ಎತ್ತುವುದು ಮೇಲಿರುವ ಬಿಗಿದ ಸ್ಪ್ರಿಂಗು, ಮೋಟಾರು ಬರೀ ತಳ್ಳಿಕೊಡುತ್ತದೆ. ಹಾಗಾದರೆ ರೈಲಿಗೂ ಎದುರುಭಾರ ಕಟ್ಟಿ ಹಗುರ ಮಾಡೋಣ ಎಂಬುದು ಮುಂದಿನ ಸಲಹೆ. ಕೇಳಲು ಚೆನ್ನ, ಒಂದೇ ಬೆರಳಿನಿಂದ ಏರಿಸಬಹುದು. ಲೆಕ್ಕ ಹಾಕಿ ನೋಡಿದರೆ 70 ಕೆ.ಜಿ. ಮೇಜಿಗೆ 70 ಕೆ.ಜಿ. ಎದುರುಭಾರ, ಚಾವಣಿಯ ಮೇಲೆ ಒಟ್ಟು 140. ಎತ್ತುವವನ ಬೆವರು ಉಳಿಸಲು ಹೊರುವ ಜಂತಿಯ ಹೊರೆಯನ್ನು ಎರಡು ಪಟ್ಟು ಮಾಡಿದ ಹಾಗಾಯಿತು. ಸುಲಭದ ಭಾಗವನ್ನು ಇನ್ನಷ್ಟು ಸುಲಭ ಮಾಡಿ ಕಷ್ಟದ್ದನ್ನು ಇನ್ನಷ್ಟು ಕಷ್ಟ ಮಾಡುವ ಇಂಥ ಸಲಹೆಗಳು ಈ ವಿಷಯದಲ್ಲಿ ಹೇರಳ.

ಇದಕ್ಕಿಂತ ತೂಕದ ಆಕ್ಷೇಪ ಬೇರೆ ಇದೆ. ಹಗ್ಗ ಐದು ಪಟ್ಟು ಗಟ್ಟಿ, ಸ್ಕ್ರೂ ಹಲವು ಪಟ್ಟು ಗಟ್ಟಿ ಎಂದು ನೀವೇ ಹೇಳಿದಿರಿ, ಮತ್ತೆ ಸರಪಳಿ ಏಕೆ? ಅಂಗಡಿಯಲ್ಲಿ ಸಿಗುವ, 250 ಪೌಂಡ್ ಹೊರುವ ನಾಲ್ಕು ಹಗ್ಗದ ಚಾವಣಿ ಅಟ್ಟಣಿಗೆಗಳಿಗೆ ಜನ ಸಾಮಾನು ತುಂಬಿ ವರ್ಷಗಟ್ಟಲೆ ಇಡುವುದಿಲ್ಲವೇ? ಇಡುತ್ತಾರೆ, ಬಹುಪಾಲು ಏನೂ ಆಗುವುದಿಲ್ಲ. ಆದರೆ ಐದು ಪಟ್ಟು ಎಂಬುದು ಹೊಸ ಹಗ್ಗದ ಮಾತು, ನೇರ ಎಳೆತದ ಮಾತು. ಸಣ್ಣ ರಾಟೆಯ ಮೇಲೆ ಬಾಗಿದ ಜಾಗದಲ್ಲೇ ಹಗ್ಗ ತಿಂಗಳುಗಟ್ಟಲೆ ಬಿಗಿದು ನಿಂತರೆ ಅಲ್ಲಿನ ಎಳೆಗಳು ಮೊದಲು ಸವೆಯುತ್ತವೆ. ಹಗ್ಗದ ಕೊನೆಯ ಕುಣಿಕೆಯಲ್ಲಿ ಹಾಕಿದ ಕ್ಲಿಪ್ಪನ್ನು ತಿರುಗುಮುರುಗಾಗಿ ಬಿಗಿದಿದ್ದರೆ ಆ ಐದು ಪಟ್ಟಿನಲ್ಲಿ ಒಂದಿಷ್ಟು ಅಲ್ಲೇ ಹೋಯಿತು. ಹಗ್ಗದಿಂದ ವಿಂಚಿನವರೆಗೆ ಹತ್ತಾರು ಕೊಂಡಿಗಳ ಸರಣಿಯಿದ್ದು, ಅದರಲ್ಲಿ ಯಾವುದೊಂದು ಕೈಕೊಟ್ಟರೂ ಇಡೀ ಮೇಜು ಬೀಳಬಹುದು. ಬೇರೆ ಬೋಲ್ಟಿನ ಸರಪಳಿ ಆ ಸರಣಿಯನ್ನೇ ಬದಿಗಿಟ್ಟು ಭಾರ ಹೊರುತ್ತದೆ. ಇನ್ನೊಂದು ಮಾತು: ಅಟ್ಟಣಿಗೆಯ ಮೇಲಿನ ಹಬ್ಬದ ಅಲಂಕಾರದ ಪೆಟ್ಟಿಗೆ ನಾಲ್ಕು ಬೆರಳು ವಾಲಿದರೆ ಯಾರಿಗೂ ಗೊತ್ತಾಗುವುದಿಲ್ಲ. ರೈಲಿನ ಮೇಜು ಅಷ್ಟು ವಾಲಿದರೆ ಹಳಿಗಳ ಸಂದು ಬಿಡುತ್ತದೆ.

ರೈಲಿನ ಮೇಜನ್ನು ಕೂಡ ಏರುವುದಕ್ಕೆ ತಕ್ಕಂತೆಯೇ ಕಟ್ಟಬೇಕೆಂಬುದು ಇಲ್ಲಿಂದ ಹೊರಡುವ ಮಾತು. ನೆಲದ ಮೇಲೆ ಆರು ಕಾಲಿನಲ್ಲಿ ನಿಂತ ಮೇಜಿಗೆ ಚೌಕಟ್ಟು ಸಪೂರವಿದ್ದರೂ ನಡೆಯುತ್ತದೆ. ತೂಗಿದಾಗ ಅದು ತನ್ನ ಭಾರಕ್ಕೆ ತಾನೇ ಬಾಗುತ್ತದೆ, ತಿರುಚಿಕೊಳ್ಳುತ್ತದೆ. ಮೂಲೆಗಳಿಗೆ ಹಗ್ಗ ಕಟ್ಟುವುದು ಎಲ್ಲರಿಗೂ ಮೊದಲು ಹೊಳೆಯುವ ಉಪಾಯ, ಮತ್ತು ಬಾಗುವ ವಿಷಯದಲ್ಲಿ ಅತಿ ಕೆಟ್ಟ ಉಪಾಯ. ಅಳತೆಯ ಲೋಹದ ಸರಳುಗಳನ್ನು ಎಲ್ಲಿ ಆನಿಸಿಟ್ಟರೆ ಅವು ಕೆಡುವುದಿಲ್ಲ ಎಂದು ಹತ್ತೊಂಬತ್ತನೇ ಶತಮಾನದ ಬ್ರಿಟಿಷ್ ಖಗೋಳವಿಜ್ಞಾನಿ ಜಾರ್ಜ್ ಏರಿ ಲೆಕ್ಕ ಹಾಕಿದ್ದ. ಅದೇ ಬಗೆಯ ಲೆಕ್ಕ ಇಲ್ಲಿಗೂ ಸಲ್ಲುತ್ತದೆ: ಸಮನಾಗಿ ಭಾರ ಹರಡಿದ ಹಲಗೆಯನ್ನು ಎರಡೂ ತುದಿಯಿಂದ ಅದರ ಉದ್ದದ ನೂರಕ್ಕೆ 22ರಷ್ಟು ಒಳಗೆ ಆನಿಸಿದರೆ, ತುದಿಗೆ ಆನಿಸಿದಾಗಿನ ಬಾಗಿಗಿಂತ ಹತ್ತಾರು ಪಟ್ಟು ಕಡಿಮೆ ಬಾಗುತ್ತದೆ. ಎಂಟಡಿ ಮೇಜಿಗೆ ಅದು ತುದಿಯಿಂದ ಸುಮಾರು 54 ಸೆಂಟಿಮೀಟರ್. ಅಲ್ಲಿ ಮೇಜಿನಡಿಗೆ ಎರಡು ಅಡ್ಡತೊಲೆ ಹಾಕಿ, ಅವುಗಳ ತುದಿಗೆ ಹಗ್ಗ ಕಟ್ಟಿದರೆ ಮೇಜಿನ ಚೌಕಟ್ಟಿಗೆ ನೇರ ಎಳೆತವೇ ಬರುವುದಿಲ್ಲ. ಬೆಟ್ಟಗಳನ್ನು ಪ್ಲಾಸ್ಟರಿನ ಬದಲು ಥರ್ಮೋಕೋಲಿನ ಗಟ್ಟಿ ತಮ್ಮನಾದ ಫೋಮ್ ಹಲಗೆಯಲ್ಲಿ ಕೊರೆದರೆ ಎರಡಿಂಚು ದಪ್ಪದ ಇಡೀ ಹಾಳೆಗೂ ನಾಲ್ಕೈದು ಕೆ.ಜಿ. ಮಾತ್ರ. ಏರಿದ ಮೇಲೆ ಬಿಸಿಯ ಕಾಟವೂ ಇದೆ. ಬೇಸಿಗೆಯಲ್ಲಿ ಗ್ಯಾರೇಜಿನ ಬಿಸಿಗಾಳಿಯೆಲ್ಲ ಚಾವಣಿಯಲ್ಲೇ ನಿಲ್ಲುತ್ತದೆ. ಚಳಿಗಾಲಕ್ಕೂ ಬೇಸಿಗೆಗೂ 40 ಡಿಗ್ರಿ ವ್ಯತ್ಯಾಸವಿದ್ದರೆ ಎಂಟಡಿ ಉದ್ದದ ಹಳಿ ಒಂದೂವರೆ ಮಿಲಿಮೀಟರಿಗೂ ಹೆಚ್ಚು ಹಿಗ್ಗುತ್ತದೆ. ಕೀಲುಗಳೆಲ್ಲವನ್ನೂ ಬೆಸುಗೆ ಹಾಕಿ ಮುಚ್ಚಿದ್ದರೆ ಅದು ಹೋಗಬೇಕಾದ್ದೆಲ್ಲಿಗೆ? ಪಕ್ಕಕ್ಕೆ ಡೊಂಕಾಗುತ್ತದೆ. ಅಲ್ಲಲ್ಲಿ ಸಂದು ಬಿಡುವುದು ಮಾದರಿ ರೈಲಿಗೂ ಬೇಕು.

ಇಷ್ಟೆಲ್ಲ ಪಾಡು ಪಡುವ ಬದಲು ರೈಲನ್ನೇ ಚಿಕ್ಕದು ಮಾಡಬಾರದೇ ಎಂಬ ಪ್ರಶ್ನೆಗೆ ನನ್ನ ಬಳಿ ಸಿದ್ಧ ಖಂಡನೆಯಿಲ್ಲ, ಅದು ನ್ಯಾಯವಾದ ಪ್ರಶ್ನೆ. 160ರಲ್ಲಿ ಒಂದು ಪಾಲಿನ ಎನ್ ಅಳತೆಯಲ್ಲಿ ಹಳಿಯ ಅಂತರ 9 ಮಿಲಿಮೀಟರ್. ಬಾಗಿಲ ಹಲಗೆಯಷ್ಟು ಜಾಗದಲ್ಲಿ ಪೂರ್ತಿ ಸುತ್ತು ಹಾಕಬಹುದು. ಗೋಡೆಗುಂಟ ಒಂದಡಿ ಅಗಲದ ಕಪಾಟು ಹಾಕಿ ಅದರ ಮೇಲೆ ರೈಲು ಓಡಿಸುವವರಿದ್ದಾರೆ. 1970ರ ದಶಕದಿಂದ ಬಳಕೆಗೆ ಬಂದ ಎನ್‌ಟ್ರ್ಯಾಕ್ ಪದ್ಧತಿಯಲ್ಲಿ ನಾಲ್ಕಡಿಯ ತುಂಡುಗಳನ್ನು ಬೇರೆ ಬೇರೆ ಮನೆಗಳಲ್ಲಿ ಕಟ್ಟಿ, ಒಂದು ಕಡೆ ತಂದು ಜೋಡಿಸುತ್ತಾರೆ. ಗೋಡೆಗೆ ಮಡಚುವ ಮಂಚದಂತೆ ಮಡಚಿಡುವುದೂ ಉಂಟು, ಆದರೆ ಮೇಜು ನೆಟ್ಟಗೆ ನಿಂತಾಗ ಅಂಟಿಸದ ಮರ, ಮನೆ, ಮನುಷ್ಯರೆಲ್ಲ ಉದುರುತ್ತಾರೆ. ತುಂಡುಗಳ ಪದ್ಧತಿಯಲ್ಲಿ ಪ್ರತಿ ಸಲ ಕೀಲು ಹೊಂದಿಸುವುದೇ ಒಂದು ಕೆಲಸ. ಚಾವಣಿ ಎತ್ತುಗ ಸಲ್ಲುವುದು ಒಬ್ಬನೇ ವ್ಯಕ್ತಿಗೆ: ದೊಡ್ಡ ಅಳತೆಯ ರೈಲೇ ಬೇಕು, ಅದು ಒಂದೇ ತುಂಡಾಗಿ, ಮಟ್ಟವಾಗಿ, ಇಟ್ಟದ್ದು ಇಟ್ಟಲ್ಲೇ ಇರಬೇಕು, ಕಾರೂ ಒಳಗೇ ನಿಲ್ಲಬೇಕು ಎನ್ನುವವನಿಗೆ. ಉಳಿದವರು ಕಪಾಟು ಹಾಕಿಕೊಳ್ಳುವುದು ಜಾಣತನ. ಏರಿಸಿಟ್ಟ ರೈಲು ಮರೆತುಹೋಗುತ್ತದೆ, ನಾಲ್ಕು ಸರಪಳಿ ಬಿಡಿಸುವ ಬೇಜಾರಿಗೆ ಯಾರೂ ಇಳಿಸುವುದಿಲ್ಲ ಎಂಬ ಮಾತಿನಲ್ಲೂ ಹುರುಳಿದೆ. ಆದರೆ ನಿಜವಾದ ಬೇಜಾರು ಸರಪಳಿಯದಲ್ಲ, ವಿದ್ಯುತ್ತಿನದು. ಹತ್ತು ತಂತಿ ಬಿಡಿಸಿ ಮತ್ತೆ ಕಟ್ಟಬೇಕಾದರೆ ಯಾರಿಗಾದರೂ ಸಾಕಾಗುತ್ತದೆ. ಎಲ್ಲ ತಂತಿಗಳನ್ನೂ ಒಂದೇ ಪ್ಲಗ್ಗಿಗೆ ತಂದು, ಕಾಲುಗಳನ್ನು ಮೇಜಿಗೇ ಕೀಲು ಹಾಕಿ ಮಡಚಿದರೆ ಇಳಿಸಿ ಓಡಿಸಲು ಐದೇ ನಿಮಿಷ ಸಾಕು. ಇಳಿದ ಮೇಜು ಕಾಲಿನ ಮೇಲೆ ನಿಲ್ಲಲೇಬೇಕು. ಹಗ್ಗದಲ್ಲೇ ತೂಗಾಡುವ ಮೇಜಿನ ಮೇಲೆ ಒಬ್ಬರು ಮೊಣಕೈ ಊರಿದರೂ ರೈಲು ಹಳಿ ತಪ್ಪುತ್ತದೆ.

ನಮ್ಮ ಕಾಂಕ್ರೀಟ್ ಮನೆಗಳಲ್ಲಿ ಇದನ್ನು ಮಾಡಹೊರಟವರಿಗೆ ಒಂದು ಮಾತು ಸೇರಿಸಬೇಕು. ಭಾರತೀಯ ಮಾನದಂಡದ ಪ್ರಕಾರ ವಾಸದ ಕೋಣೆಯ ಚಪ್ಪಡಿಗೆ ಚದರ ಮೀಟರಿಗೆ ಸುಮಾರು 200 ಕೆ.ಜಿ. ಭಾರ ಎಣಿಸುತ್ತಾರೆ, ಸರಿಯಾಗಿ ಕಟ್ಟಿದ ಚಪ್ಪಡಿಗೆ 70 ಕೆ.ಜಿ. ಲೆಕ್ಕಕ್ಕಿಲ್ಲ. ಜಂತಿಯ ಚಿಂತೆ ಇಲ್ಲಿಲ್ಲ, ಚಿಂತೆಯೆಲ್ಲ ಬೋಲ್ಟಿನದು. ಚಪ್ಪಡಿ ಹಾಕುವಾಗಲೇ ಕಬ್ಬಿಣಕ್ಕೆ ಬಿಗಿದು ಬಿಟ್ಟ ಫ್ಯಾನಿನ ಕೊಕ್ಕೆ ಒಂದು ಬಗೆ, ಆಮೇಲೆ ಕೊರೆದು ಕೂರಿಸಿದ ಬೋಲ್ಟ್ ಇನ್ನೊಂದು ಬಗೆ. ಕೊರೆದು ಕೂರಿಸುವುದೇ ಆದರೆ ಚಾವಣಿಯಲ್ಲಿ ನಿರಂತರ ಎಳೆತಕ್ಕೆಂದು ಗುರುತಿಸಿದ ಬೋಲ್ಟನ್ನೇ ಕೇಳಿ ತರಬೇಕು. ಅಂಟಿನ ಬೋಲ್ಟ್ ಎಂದೊಡನೆ ಬಾಸ್ಟನ್ ನೆನಪಾಗಲಿ.

ಕೊನೆಗೆ ಪರೀಕ್ಷೆ. ರೈಲನ್ನು ಕಟ್ಟುವ ಮೊದಲು ಬರೀ ಚೌಕಟ್ಟಿಗೆ ಮರಳಿನ ಚೀಲ ಹೇರಿ, ಎಣಿಸಿದ ಭಾರಕ್ಕಿಂತ ಕಾಲು ಪಾಲು ಹೆಚ್ಚು, ಅಂದರೆ 88 ಕೆ.ಜಿ. ಆಗುವಂತೆ ತೂಗಿ, ಕೆಳಗೆ ಯಾರೂ ಸುಳಿಯದಂತೆ ಒಂದು ರಾತ್ರಿ ಬಿಡಬೇಕು. ಕ್ರೇನ್‌ಗಳನ್ನು ಪರೀಕ್ಷಿಸುವುದೂ ಶೇಕಡ 125ರ ಭಾರದಲ್ಲೇ. ಬೆಳಗ್ಗೆ ಪ್ರತಿ ಬೋಲ್ಟಿನ ಸುತ್ತ ಬಿರುಕು ಬಿಟ್ಟಿದೆಯೇ, ಜಂತಿ ಎಷ್ಟು ಜಗ್ಗಿದೆ ಎಂದು ನೋಡಿ, ಜಂತಿಯಿಂದ ನೆಲಕ್ಕಿರುವ ಅಳತೆಯನ್ನು ಗೋಡೆಯ ಮೇಲೆ ಬರೆದಿಡಬೇಕು. ಈ ಪರೀಕ್ಷೆ ದೊಡ್ಡ ತಪ್ಪುಗಳನ್ನು ಹಿಡಿಯುತ್ತದೆ, ನಿಧಾನದ ತಪ್ಪುಗಳನ್ನು ಹಿಡಿಯುವುದಿಲ್ಲ. ಬಾಸ್ಟನ್ನಿನ ಬೋಲ್ಟ್‌ಗಳೂ ಪರೀಕ್ಷೆಯಲ್ಲಿ ಪಾಸಾಗಿದ್ದವು. ಕೆಲವು ಜಗ್ಗಿದ್ದು 1999ರಲ್ಲೇ ಕಣ್ಣಿಗೆ ಬಿದ್ದಿತ್ತು, ಆದರೆ ಆಮೇಲೆ ಅವುಗಳ ಮೇಲೆ ಸತತ ನಿಗಾ ಇಡಲಿಲ್ಲ. ಹಾಗಾಗಿ ಗೋಡೆಯ ಮೇಲಿನ ಅಳತೆಯನ್ನು ಮೊದಲ ತಿಂಗಳಲ್ಲಿ ಒಮ್ಮೆ, ಆಮೇಲೆ ಬೇಸಿಗೆಗೊಮ್ಮೆ ಚಳಿಗಾಲಕ್ಕೊಮ್ಮೆ ಮತ್ತೆ ತೆಗೆಯಬೇಕು. ಜಂತಿ ಮೊದಮೊದಲು ಒಂದೆರಡು ಮಿಲಿಮೀಟರ್ ಇಳಿದು ನಿಂತರೆ ಅದು ಮರದ ಸ್ವಭಾವ. ಪ್ರತಿ ಸಲವೂ ಇಳಿಯುತ್ತಲೇ ಇದ್ದರೆ, ಅಥವಾ ಬೋಲ್ಟಿನ ತಲೆಗೂ ತೊಲೆಗೂ ನಡುವೆ ಕಾಗದ ತೂರುವಷ್ಟು ಸಂದು ಕಂಡರೆ, ಸ್ಕ್ರೂವನ್ನು ಇನ್ನೆರಡು ಸುತ್ತು ಬಿಗಿದು ಸುಮ್ಮನಾಗುವುದಲ್ಲ. ಅಂದೇ ಮೇಜನ್ನು ಇಳಿಸಿ ಕಾಲಿನ ಮೇಲೆ ನಿಲ್ಲಿಸಿ, ಕಾರನ್ನು ಹೊರಗೆ ಬಿಟ್ಟು, ಮಾಡು ನೋಡಬಲ್ಲವರನ್ನು ಕರೆಸಬೇಕು.